ಕಂಪ್ಯೂಟರಿನಲ್ಲಿ ಯಾವ ಲಿನಕ್ಸ್ ಇದೆ? ಸದಸ್ಯರು ತಿಳಿದಿರಬೇಕಾದ ಪರಿಶೀಲನಾ ಕ್ರಮ

ಗ್ರಾಮ ಪಂಚಾಯತಿಯ ಸಾಮಾನ್ಯ ಸಭೆಯ ಮುಂದೆ ಕಂಪ್ಯೂಟರ್ ದುರಸ್ತಿ ಅಥವಾ ಹೊಸ ಕಂಪ್ಯೂಟರ್ ಖರೀದಿಯ ವಿಷಯ ಬಂದಾಗ ಸದಸ್ಯರು ಮೊತ್ತವನ್ನು ವಿಚಾರಿಸುತ್ತಾರೆ, ದರಪಟ್ಟಿಗಳನ್ನು ಹೋಲಿಸುತ್ತಾರೆ, ಖಾತರಿಯ ಅವಧಿಯನ್ನು ಕೇಳುತ್ತಾರೆ. ಈಗಿರುವ ಯಂತ್ರದೊಳಗೆ ಯಾವ ಕಾರ್ಯಾಚರಣಾ ವ್ಯವಸ್ಥೆ ಇದೆ, ಅದರ ಆವೃತ್ತಿ ಯಾವುದು ಎಂಬ ಪ್ರಶ್ನೆ ಮಾತ್ರ ಸಭೆಯಲ್ಲಿ ವಿರಳವಾಗಿ ಕೇಳಿಬರುತ್ತದೆ. ದಾಸ್ತಾನು ವಹಿಯಲ್ಲಿ “ಲಿನಕ್ಸ್” ಎಂಬ ಒಂದೇ ಪದವಿದ್ದರೆ ಅದು ಸಾಕೆಂದು ಭಾವಿಸಲಾಗುತ್ತದೆ. ಆ ಒಂದು ಪದದಿಂದ ಯಂತ್ರವನ್ನು ಉಳಿಸಿಕೊಳ್ಳಬೇಕೇ, ಪರಿಷ್ಕರಿಸಬೇಕೇ, ವಿಲೇವಾರಿ ಮಾಡಬೇಕೇ ಎಂಬ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ದೊರೆಯುವುದಿಲ್ಲ.

ವಿಂಡೋಸ್ 10 ವ್ಯವಸ್ಥೆಗೆ ಅದರ ತಯಾರಕ ಸಂಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11 ಅನ್ನು ಅಳವಡಿಸಲು ಬೇಕಾದ ಯಂತ್ರಾಂಶವು ಹಲವು ಹಳೆಯ ಕಂಪ್ಯೂಟರ್‌ಗಳಲ್ಲಿಲ್ಲ. ಅಂತಹ ಯಂತ್ರಗಳಿಗೆ ಲಿನಕ್ಸ್ ಅಳವಡಿಸಿ ಬಳಕೆ ಮುಂದುವರಿಸುವುದು ಒಂದು ದಾರಿಯಾಗಿದೆ. ಕಚೇರಿಯಲ್ಲಾಗಲಿ, ಅರಿವು ಕೇಂದ್ರದಲ್ಲಾಗಲಿ ಇಂತಹ ಯಂತ್ರವಿದ್ದಲ್ಲಿ, ಅದರ ವಿವರವನ್ನು ತಿಳಿಯುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಇದಕ್ಕೆ ತಾಂತ್ರಿಕ ಶಿಕ್ಷಣ ಬೇಕಿಲ್ಲ. ಐದು ನಿಮಿಷದ ಕಾಲಾವಕಾಶ ಸಾಕು.

1. ಲಿನಕ್ಸ್ ಮತ್ತು ಅದರ ವಿತರಣೆಗಳು

ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅವರು 1991ರಲ್ಲಿ ಬರೆದು ಎಲ್ಲರ ಬಳಕೆಗೆ ಬಿಟ್ಟ ತಂತ್ರಾಂಶದ ಹೆಸರು ಲಿನಕ್ಸ್. ಕಟ್ಟುನಿಟ್ಟಾಗಿ ಹೇಳುವುದಾದರೆ ಲಿನಕ್ಸ್ ಎಂಬುದು ಕರ್ನೆಲ್ ಎಂದು ಕರೆಯಲಾಗುವ ಒಳತಿರುಳಿನ ಹೆಸರು. ಯಂತ್ರದ ಸ್ಮೃತಿ, ಡಿಸ್ಕ್, ಕೀಲಿಮಣೆ, ಪ್ರಿಂಟರ್ ಮುಂತಾದವುಗಳನ್ನು ನಡೆಸುವುದು ಈ ತಿರುಳಿನ ಕೆಲಸ. ನಾವು ಪರದೆಯ ಮೇಲೆ ಕಾಣುವ ಕಿಟಕಿಗಳು, ಕಡತ ತೆರೆಯುವ ವ್ಯವಸ್ಥೆ, ಬ್ರೌಸರ್, ಹೊಸ ತಂತ್ರಾಂಶವನ್ನು ಅಳವಡಿಸುವ ಸಾಧನ, ಭದ್ರತಾ ಪರಿಷ್ಕರಣೆಗಳನ್ನು ತರಿಸುವ ಏರ್ಪಾಡು, ಇವೆಲ್ಲವೂ ಆ ತಿರುಳಿನ ಸುತ್ತ ಜೋಡಿಸಿದ ಭಾಗಗಳು.

ಹೀಗೆ ಜೋಡಿಸಿ, ಪರೀಕ್ಷಿಸಿ, ಹೆಸರಿಟ್ಟು, ನಿಗದಿತ ಅವಧಿಯವರೆಗೆ ದೋಷಗಳನ್ನು ಸರಿಪಡಿಸಿಕೊಡುವ ಪೂರ್ಣ ರೂಪಕ್ಕೆ ಲಿನಕ್ಸ್ ವಿತರಣೆ ಎನ್ನುತ್ತಾರೆ. 1993ರಲ್ಲಿ ಆರಂಭವಾದ ಡೆಬಿಯನ್, 2004ರಲ್ಲಿ ಡೆಬಿಯನ್‌ನ ಆಧಾರದ ಮೇಲೆ ರೂಪುಗೊಂಡ ಉಬುಂಟು, ಉಬುಂಟುವನ್ನು ಆಧರಿಸಿದ ಲಿನಕ್ಸ್ ಮಿಂಟ್, ರೆಡ್ ಹ್ಯಾಟ್ ಬಳಗಕ್ಕೆ ಸೇರಿದ ಫೆಡೋರಾ, ಇವು ಹೆಚ್ಚು ಬಳಕೆಯಲ್ಲಿರುವ ಕೆಲವು ವಿತರಣೆಗಳು. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆಯು ಸಿದ್ಧಪಡಿಸಿರುವ ಬಾಸ್ ಎಂಬ ವಿತರಣೆಯೂ ಡೆಬಿಯನ್ ಮೂಲದ್ದೇ.

ರಾಗಿ ಬೆಳೆಗೆ ರೋಗ ತಗುಲಿದೆ ಎಂದು ರೈತ ಸಂಪರ್ಕ ಕೇಂದ್ರಕ್ಕೆ ಹೋದ ರೈತನನ್ನು ಅಲ್ಲಿನವರು ಮೊದಲು ಕೇಳುವುದು ತಳಿಯನ್ನು. ಇಂಡಾಫ್ ತಳಿಯೇ, ಜಿಪಿಯು-28 ತಳಿಯೇ, ಬಿತ್ತಿ ಎಷ್ಟು ದಿನವಾಯಿತು ಎಂದು ತಿಳಿಯದೆ ಸಲಹೆ ನೀಡಲಾಗದು. ಕೊಯ್ಲಿಗೆ ಬರುವ ಕಾಲವೂ ಬೆಂಕಿ ರೋಗವನ್ನು ತಡೆಯುವ ಶಕ್ತಿಯೂ ತಳಿಯಿಂದ ತಳಿಗೆ ಬೇರೆಯಾಗಿರುತ್ತವೆ. ಲಿನಕ್ಸ್ ವಿಷಯದಲ್ಲಿಯೂ ವಿತರಣೆಯೇ ತಳಿ, ಆವೃತ್ತಿಯೇ ಬಿತ್ತನೆಯ ದಿನಾಂಕ. ಇವೆರಡೂ ಗೊತ್ತಿದ್ದರೆ ಮಾತ್ರ ಮುಂದಿನ ಮಾತಿಗೆ ಅರ್ಥ.

2. ಹೆಸರು ತಿಳಿಯದಿದ್ದರೆ ಆಗುವ ತೊಂದರೆ

ಮೊದಲನೆಯದು ಭದ್ರತೆ. ಪ್ರತಿ ಆವೃತ್ತಿಗೂ ಬೆಂಬಲದ ಕೊನೆಯ ದಿನಾಂಕವೊಂದಿರುತ್ತದೆ. ಆ ದಿನಾಂಕದ ನಂತರ ತಂತ್ರಾಂಶದಲ್ಲಿ ಹೊಸ ದೋಷ ಪತ್ತೆಯಾದರೂ ಅದನ್ನು ಮುಚ್ಚುವ ಪರಿಷ್ಕರಣೆ ಬರುವುದಿಲ್ಲ. ಯಂತ್ರ ಎಂದಿನಂತೆ ನಡೆಯುತ್ತಲೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಇ-ಸ್ವತ್ತು, ಪಂಚತಂತ್ರ ಮುಂತಾದ ಸೇವೆಗಳ ದಾಖಲೆಗಳು ದೂರದ ಸರ್ವರ್‌ನಲ್ಲಿ ಇರುತ್ತವೆ ಎಂಬುದು ನಿಜ. ಆದರೆ ಅರ್ಜಿದಾರರ ಆಧಾರ್ ಪ್ರತಿ, ಬ್ಯಾಂಕ್ ಪುಸ್ತಕದ ಸ್ಕ್ಯಾನ್, ಫಲಾನುಭವಿಗಳ ಪಟ್ಟಿ, ಪತ್ರವ್ಯವಹಾರದ ಕರಡು ಇವೆಲ್ಲ ಕಚೇರಿಯ ಯಂತ್ರದಲ್ಲಿಯೇ ಉಳಿದಿರುತ್ತವೆ. ಆ ಸೇವೆಗಳಿಗೆ ಬಳಸುವ ಗುಪ್ತಪದವನ್ನು ಒತ್ತುವುದೂ ಅದೇ ಕೀಲಿಮಣೆಯ ಮೇಲೆ.

ಎರಡನೆಯದು ಉಪಕರಣಗಳ ಹೊಂದಾಣಿಕೆ. ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಸಾಧನ, ಡಿಜಿಟಲ್ ಸಹಿಯ ಟೋಕನ್ ಇವುಗಳಿಗೆ ಚಾಲಕ ತಂತ್ರಾಂಶ ಬೇಕಾಗುತ್ತದೆ. ಡೆಬಿಯನ್, ಉಬುಂಟು, ಮಿಂಟ್ ಬಳಗಕ್ಕೆ ಅದು ಡೆಬ್ ಎಂಬ ರೂಪದಲ್ಲಿಯೂ, ರೆಡ್ ಹ್ಯಾಟ್, ಫೆಡೋರಾ ಬಳಗಕ್ಕೆ ಆರ್‌ಪಿಎಂ ಎಂಬ ರೂಪದಲ್ಲಿಯೂ ದೊರೆಯುತ್ತದೆ. ಒಂದು ಬಳಗಕ್ಕೆಂದು ಸಿದ್ಧಪಡಿಸಿದ್ದು ಇನ್ನೊಂದರಲ್ಲಿ ನೇರವಾಗಿ ಕೂರುವುದಿಲ್ಲ. ಯಾವ ಬಳಗವೆಂದು ತಿಳಿಯದೆ ಟೋಕನ್ ಅಥವಾ ಪ್ರಿಂಟರ್ ಕೊಂಡರೆ ಅದು ಪೆಟ್ಟಿಗೆಯಲ್ಲಿಯೇ ಉಳಿಯುವ ಸಂಭವವಿದೆ.

ಮೂರನೆಯದು ಹಣ. “ವ್ಯವಸ್ಥೆ ಹಳೆಯದಾಗಿದೆ, ಹೊಸ ಯಂತ್ರವೇ ಆಗಬೇಕು” ಎಂಬ ವರದಿಯನ್ನು ಸಭೆಯು ಅಳೆಯಬೇಕಾದರೆ ಅಳತೆಗೋಲು ಬೇಕು. ಹಳೆಯದಾಗಿರುವುದು ತಂತ್ರಾಂಶದ ಆವೃತ್ತಿಯೇ ಅಥವಾ ಯಂತ್ರವೇ ಎಂಬುದನ್ನು ಬೇರ್ಪಡಿಸಿ ನೋಡಬೇಕು. ಡೆಬಿಯನ್, ಉಬುಂಟು, ಮಿಂಟ್ ವಿತರಣೆಗಳ ಹೊಸ ಆವೃತ್ತಿಗೆ ಪರವಾನಗಿ ಶುಲ್ಕವಿಲ್ಲ. ತಗಲುವುದು ಅಳವಡಿಸುವವರ ಕೂಲಿ ಮಾತ್ರ.

3. ಪರಿಶೀಲನೆಗೆ ಮೊದಲು

ಕಚೇರಿಯ ಯಂತ್ರವನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ಗಮನಕ್ಕೆ ತಂದು, ಡಾಟಾ ಎಂಟ್ರಿ ಆಪರೇಟರ್ ಅವರ ಸಮ್ಮುಖದಲ್ಲಿ ಪರಿಶೀಲಿಸುವುದು ಸೂಕ್ತ. ಅರಿವು ಕೇಂದ್ರದಲ್ಲಾದರೆ ಗ್ರಂಥಾಲಯ ಮೇಲ್ವಿಚಾರಕರು ಜೊತೆಗಿರಲಿ. ತೆರೆದಿರುವ ಕೆಲಸವನ್ನು ಉಳಿಸಿ ಮುಚ್ಚಬೇಕು. ಮುಂದೆ ಹೇಳುವ ಕ್ರಮಗಳೆಲ್ಲವೂ ಓದುವುದಕ್ಕಷ್ಟೇ ಸೀಮಿತ. ಇವುಗಳಿಂದ ಯಂತ್ರದಲ್ಲಿ ಯಾವ ಬದಲಾವಣೆಯೂ ಆಗುವುದಿಲ್ಲ, ಯಾವುದಕ್ಕೂ ಗುಪ್ತಪದ ಬೇಕಿಲ್ಲ. ನಡುವೆ ಯಂತ್ರವು ಗುಪ್ತಪದ ಕೇಳಿದರೆ ತಪ್ಪು ಜಾಗಕ್ಕೆ ಬಂದಿರುವಿರೆಂದು ತಿಳಿದು ಅಲ್ಲಿಗೇ ನಿಲ್ಲಿಸತಕ್ಕದ್ದು.

4. ಮೊದಲ ಕ್ರಮ: ಸೆಟ್ಟಿಂಗ್ಸ್ ಮೂಲಕ

ಉಬುಂಟು, ಫೆಡೋರಾ, ಡೆಬಿಯನ್‌ಗಳ ಸಾಮಾನ್ಯ ರೂಪದಲ್ಲಿ ಸೆಟ್ಟಿಂಗ್ಸ್ ತೆರೆದು “ಅಬೌಟ್” ಎಂಬ ಪುಟಕ್ಕೆ ಹೋಗಬೇಕು. ಹೊಸ ಆವೃತ್ತಿಗಳಲ್ಲಿ ಇದು “ಸಿಸ್ಟಂ” ಎಂಬ ವಿಭಾಗದೊಳಗೆ ಇರುತ್ತದೆ. ಅಲ್ಲಿ ವಿತರಣೆಯ ಹೆಸರು ಮತ್ತು ಆವೃತ್ತಿ, ಸ್ಮೃತಿಯ ಗಾತ್ರ, ಪ್ರೊಸೆಸರ್‌ನ ಹೆಸರು, ಡಿಸ್ಕಿನ ಗಾತ್ರ ಒಟ್ಟಿಗೇ ಕಾಣುತ್ತವೆ. ಲಿನಕ್ಸ್ ಮಿಂಟ್‌ನಲ್ಲಿ ಮೆನುವಿನಿಂದ “ಸಿಸ್ಟಂ ಇನ್ಫರ್ಮೇಶನ್” ಅಥವಾ “ಸಿಸ್ಟಂ ಇನ್ಫೋ” ಎಂಬುದನ್ನು ತೆರೆದರೆ ಇದೇ ವಿವರ ದೊರೆಯುತ್ತದೆ. ಪುಟದ ಛಾಯಾಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡರೆ ವಹಿಯಲ್ಲಿ ನಮೂದಿಸಲು ಅನುಕೂಲ.

5. ಎರಡನೆಯ ಕ್ರಮ: ಗುರುತಿನ ಕಡತವನ್ನು ಓದುವುದು

ಮೊದಲ ಕ್ರಮದಿಂದ ವಿವರ ಸಿಗದಿದ್ದಲ್ಲಿ, ಅಥವಾ ಸಿಕ್ಕಿದ್ದನ್ನು ಖಚಿತಪಡಿಸಿಕೊಳ್ಳಬೇಕಾದಲ್ಲಿ, ಈ ಕ್ರಮವನ್ನು ಅನುಸರಿಸಬೇಕು. ಇಂದು ಬಳಕೆಯಲ್ಲಿರುವ ಹೆಚ್ಚುಕಡಿಮೆ ಎಲ್ಲ ವಿತರಣೆಗಳೂ ತಮ್ಮ ಗುರುತನ್ನು “ಓಎಸ್-ರಿಲೀಸ್” ಎಂಬ ಸಣ್ಣ ಕಡತದಲ್ಲಿ ಬರೆದಿಟ್ಟಿರುತ್ತವೆ. ಬಿತ್ತನೆ ಬೀಜದ ಚೀಲಕ್ಕೆ ಹೊಲಿದ ಚೀಟಿಯಂತೆ ಇದು ಯಂತ್ರದೊಳಗಿನ ಚೀಟಿ.

ಮೆನುವಿನ ಹುಡುಕಾಟದಲ್ಲಿ “ಟರ್ಮಿನಲ್” ಎಂದು ಹುಡುಕಿ ತೆರೆಯಬೇಕು. ಉಬುಂಟು ಮತ್ತು ಮಿಂಟ್‌ಗಳಲ್ಲಿ ಕಂಟ್ರೋಲ್, ಆಲ್ಟ್ ಮತ್ತು ಟಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೂ ತೆರೆಯುತ್ತದೆ. ಬರಿಯ ಅಕ್ಷರಗಳ ಕಿಟಕಿಯೊಂದು ಕಾಣುತ್ತದೆ. ಅಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಈ ಕೆಳಗಿನ ಅನುಕ್ರಮದಲ್ಲಿ ಒತ್ತಬೇಕು:

ಅ) ಸಿ, ಎ, ಟಿ. ಬಳಿಕ ಒಂದು ಖಾಲಿ ಜಾಗ.
ಆ) ಪ್ರಶ್ನಾರ್ಥಕ ಚಿಹ್ನೆಯ ಕೀಲಿಯಲ್ಲಿಯೇ ಕೆಳಗಿರುವ ಓರೆಗೆರೆ. ಬಳಿಕ ಇ, ಟಿ, ಸಿ.
ಇ) ಮತ್ತೊಮ್ಮೆ ಅದೇ ಓರೆಗೆರೆ. ಬಳಿಕ ಓ, ಎಸ್.
ಈ) ಸಣ್ಣ ಅಡ್ಡಗೆರೆ. ಬಳಿಕ ಆರ್, ಇ, ಎಲ್, ಇ, ಎ, ಎಸ್, ಇ.
ಉ) ಕೊನೆಗೆ ಎಂಟರ್ ಕೀಲಿ.

ಮೊದಲ ಖಾಲಿ ಜಾಗವನ್ನು ಬಿಟ್ಟರೆ ನಡುವೆ ಬೇರೆಲ್ಲಿಯೂ ಜಾಗ ಬಿಡಬಾರದು. ಸರಿಯಾಗಿ ಒತ್ತಿದ್ದರೆ ಹಲವು ಸಾಲುಗಳು ಪರದೆಗೆ ಬರುತ್ತವೆ. ಅವುಗಳಲ್ಲಿ ನಾಲ್ಕು ಸಾಲುಗಳು ಮುಖ್ಯ.

“ಪ್ರೆಟಿ ನೇಮ್” ಎಂಬ ಸಾಲಿನಲ್ಲಿ ವಿತರಣೆಯ ಹೆಸರು ಮತ್ತು ಆವೃತ್ತಿ ಒಟ್ಟಿಗೆ, ಓದಲು ಸುಲಭವಾದ ರೂಪದಲ್ಲಿರುತ್ತವೆ. ವಹಿಯಲ್ಲಿ ಬರೆಯಬೇಕಾದುದು ಇದನ್ನು. “ಐಡಿ” ಎಂಬ ಸಾಲು ಚುಟುಕಾದ ಹೆಸರನ್ನು ಕೊಡುತ್ತದೆ. “ವರ್ಷನ್ ಐಡಿ” ಎಂಬ ಸಾಲಿನಲ್ಲಿ ಆವೃತ್ತಿಯ ಅಂಕಿ ಮಾತ್ರ ಇರುತ್ತದೆ. ಬೆಂಬಲದ ಅವಧಿಯನ್ನು ಲೆಕ್ಕ ಹಾಕಲು ಇದು ಬೇಕು. “ಐಡಿ ಲೈಕ್” ಎಂಬ ಸಾಲು ಇದ್ದರೆ, ಆ ವಿತರಣೆ ಯಾವ ಬಳಗದಿಂದ ಬಂದಿದೆ ಎಂಬುದನ್ನು ಅದು ತಿಳಿಸುತ್ತದೆ. ಲಿನಕ್ಸ್ ಮಿಂಟ್ 21.3 ಇರುವ ಯಂತ್ರದಲ್ಲಿ ಈ ಸಾಲು ಉಬುಂಟು ಮತ್ತು ಡೆಬಿಯನ್ ಎಂಬ ಎರಡು ಹೆಸರುಗಳನ್ನು ತೋರಿಸುತ್ತದೆ. ಪ್ರಿಂಟರ್ ಮಾರುವವರು “ನಮ್ಮದು ಉಬುಂಟುವಿಗೆ ಹೊಂದುತ್ತದೆ” ಎಂದರೆ ಮಿಂಟ್ ಇರುವ ಕಚೇರಿಯಲ್ಲಿಯೂ ಅದು ನಡೆಯುವ ಸಾಧ್ಯತೆ ಹೆಚ್ಚೆಂದು ಈ ಸಾಲಿನಿಂದ ತಿಳಿಯಬಹುದು.

6. ಯಂತ್ರ ಪೂರ್ಣವಾಗಿ ತೆರೆಯದಿದ್ದಲ್ಲಿ

ಯಂತ್ರವನ್ನು ಚಾಲೂ ಮಾಡಿದ ಕೂಡಲೇ ಕೆಲವು ಕ್ಷಣ ಕಾಣುವ ಆಯ್ಕೆಯ ಪಟ್ಟಿಯಲ್ಲಿ ವಿತರಣೆಯ ಹೆಸರು ಇರುತ್ತದೆ. ಪಟ್ಟಿ ಕಾಣದಿದ್ದರೆ ಆರಂಭದಲ್ಲಿಯೇ ಎಸ್ಕೇಪ್ ಕೀಲಿಯನ್ನು, ಹಳೆಯ ಯಂತ್ರಗಳಲ್ಲಿ ಶಿಫ್ಟ್ ಕೀಲಿಯನ್ನು ಒತ್ತಿದರೆ ಕಾಣಿಸಿಕೊಳ್ಳಬಹುದು. ಆ ಪಟ್ಟಿಯಲ್ಲಿ ಎರಡು ಹೆಸರುಗಳಿದ್ದರೆ ಒಂದೇ ಯಂತ್ರದಲ್ಲಿ ಎರಡು ವ್ಯವಸ್ಥೆಗಳಿವೆ ಎಂದರ್ಥ, ಎರಡನ್ನೂ ನಮೂದಿಸಿಕೊಳ್ಳಬೇಕು.

ದುರಸ್ತಿಗೆ ಬಂದವರು ಪೆನ್‌ಡ್ರೈವ್‌ನಿಂದ ಯಂತ್ರವನ್ನು ತೆರೆದಿದ್ದರೆ ಎಚ್ಚರ ಬೇಕು. ಆಗ ಮೇಲಿನ ಕ್ರಮಗಳೆಲ್ಲವೂ ಪೆನ್‌ಡ್ರೈವ್‌ನಲ್ಲಿರುವ ವ್ಯವಸ್ಥೆಯ ಹೆಸರನ್ನು ಹೇಳುತ್ತವೆ. ಯಂತ್ರದ ಡಿಸ್ಕಿನಲ್ಲಿರುವುದು ಬೇರೆಯಾಗಿರಬಹುದು. ಪೆನ್‌ಡ್ರೈವ್ ತೆಗೆದು, ಯಂತ್ರವನ್ನು ಮತ್ತೆ ಚಾಲೂ ಮಾಡಿಸಿ ನೋಡತಕ್ಕದ್ದು.

7. ದಾರಿ ತಪ್ಪಿಸುವ ಗುರುತುಗಳು

ಪರದೆಯ ರೂಪ: ಮಿಂಟ್‌ನಲ್ಲಿ ಬಳಕೆಯಲ್ಲಿರುವ ಸಿನಮನ್ ಎಂಬ ಪರದೆಯನ್ನು ಡೆಬಿಯನ್, ಉಬುಂಟು, ಫೆಡೋರಾಗಳಲ್ಲಿಯೂ ಅಳವಡಿಸಬಹುದು. ಚಿತ್ರ, ಬಣ್ಣ, ಮೆನು ನೋಡಿ ವಿತರಣೆಯನ್ನು ಊಹಿಸುವುದು ಸರಿಯಲ್ಲ.

ಪೆಟ್ಟಿಗೆಯ ಮೇಲಿನ ಚೀಟಿ: ಯಂತ್ರದ ಹೊರಮೈಯಲ್ಲಿ ವಿಂಡೋಸ್ ಚೀಟಿ ಇದ್ದರೆ ಅದು ಮಾರಾಟವಾದ ದಿನದ ಸ್ಥಿತಿಯನ್ನು ಹೇಳುತ್ತದೆ. ಇಂದು ಒಳಗಿರುವುದನ್ನು ಅದು ಹೇಳುವುದಿಲ್ಲ.

ಕರ್ನೆಲ್ ಸಂಖ್ಯೆ: ಕೆಲವು ತಂತ್ರಜ್ಞರು “ಯುನೇಮ್” ಎಂಬ ಆದೇಶವನ್ನು ಕೊಟ್ಟು, ಬಂದ ಸಂಖ್ಯೆಯನ್ನೇ ಲಿನಕ್ಸ್ ಆವೃತ್ತಿ ಎಂದು ಬರೆದುಕೊಡುವುದುಂಟು. ಅದು ತಿರುಳಿನ ಸಂಖ್ಯೆ. 5.15 ಎಂಬ ಕರ್ನೆಲ್ ಉಬುಂಟು 22.04ರಲ್ಲಿಯೂ ಇರಬಹುದು, ಲಿನಕ್ಸ್ ಮಿಂಟ್ 21ರಲ್ಲಿಯೂ ಇರಬಹುದು, ಪರಿಷ್ಕರಿಸಿದ ಉಬುಂಟು 20.04ರಲ್ಲಿಯೂ ಇರಬಹುದು. ಈ ಮೂರರ ಬೆಂಬಲದ ಕೊನೆಯ ದಿನಾಂಕ ಒಂದೇ ಅಲ್ಲ. ವರದಿಯಲ್ಲಿ ಕೇವಲ ಕರ್ನೆಲ್ ಸಂಖ್ಯೆ ಇದ್ದರೆ ವಿತರಣೆಯ ಹೆಸರನ್ನೂ ಬರೆದುಕೊಡುವಂತೆ ಕೇಳಬೇಕು.

8. ದೊರೆತ ಉತ್ತರವನ್ನು ಓದುವ ಬಗೆ

ಉಬುಂಟುವಿನ ಆವೃತ್ತಿ ಸಂಖ್ಯೆಯಲ್ಲಿಯೇ ಅದರ ಜನ್ಮದಿನವಿದೆ. 22.04 ಎಂದರೆ 2022ರ ನಾಲ್ಕನೆಯ ತಿಂಗಳು. ಸಮಸಂಖ್ಯೆಯ ವರ್ಷಗಳ ಏಪ್ರಿಲ್‌ನಲ್ಲಿ ಬರುವ ಆವೃತ್ತಿಗಳು ದೀರ್ಘಾವಧಿಯವು. ಅವಕ್ಕೆ ಐದು ವರ್ಷಗಳ ಸಾಮಾನ್ಯ ಬೆಂಬಲವಿದೆ. ನಡುವೆ ಬರುವ ಉಳಿದ ಆವೃತ್ತಿಗಳಿಗೆ ಒಂಬತ್ತು ತಿಂಗಳು ಮಾತ್ರ. ಕಚೇರಿಯ ಬಳಕೆಗೆ ಅವು ತಕ್ಕವಲ್ಲ. ಈ ಲೆಕ್ಕದಂತೆ ಉಬುಂಟು 18.04ರ ಸಾಮಾನ್ಯ ಬೆಂಬಲ 2023ರಲ್ಲಿಯೂ 20.04ರದು 2025ರಲ್ಲಿಯೂ ಮುಗಿದಿದೆ. 22.04ಕ್ಕೆ 2027ರವರೆಗೆ, 24.04ಕ್ಕೆ 2029ರವರೆಗೆ ಅವಕಾಶವಿದೆ. ಉಬುಂಟು ಪ್ರೊ ಎಂಬ ಪ್ರತ್ಯೇಕ ನೋಂದಣಿಯಿಂದ ಭದ್ರತಾ ಪರಿಷ್ಕರಣೆಯನ್ನು ಹತ್ತು ವರ್ಷಗಳವರೆಗೆ ಪಡೆಯಬಹುದಾದ್ದರಿಂದ, ಅಂತಹ ನೋಂದಣಿ ಆಗಿದೆಯೇ ಎಂದು ವಿಚಾರಿಸಬೇಕು.

ಲಿನಕ್ಸ್ ಮಿಂಟ್ 20ರ ಸರಣಿಗೆ 2025ರಲ್ಲಿ ಬೆಂಬಲ ಮುಗಿದಿದೆ. 21ರ ಸರಣಿಗೆ 2027ರವರೆಗೆ, 22ರ ಸರಣಿಗೆ 2029ರವರೆಗೆ ಇದೆ. ಡೆಬಿಯನ್‌ನ ಪ್ರತಿ ಆವೃತ್ತಿಗೆ ದೀರ್ಘಾವಧಿಯ ಬೆಂಬಲವೂ ಸೇರಿ ಸುಮಾರು ಐದು ವರ್ಷ ದೊರೆಯುತ್ತದೆ: ಡೆಬಿಯನ್ 10ಕ್ಕೆ 2024ರ ಜೂನ್‌ನಲ್ಲಿ ಮುಗಿದಿದೆ, 11ಕ್ಕೆ 2026ರ ಆಗಸ್ಟ್‌ವರೆಗೆ, 12ಕ್ಕೆ 2028ರ ಜೂನ್‌ವರೆಗೆ ಇದೆ. ಫೆಡೋರಾದ ಒಂದು ಆವೃತ್ತಿ ಸುಮಾರು 13 ತಿಂಗಳು ಮಾತ್ರ ಬೆಂಬಲ ಪಡೆಯುತ್ತದೆ. ಸರ್ವರ್‌ಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದ ಸೆಂಟ್‌ಓಎಸ್ 7ರ ಅವಧಿ 2024ರ ಜೂನ್ 30ಕ್ಕೆ ಕೊನೆಗೊಂಡಿದೆ.

ಬೆಂಬಲ ಮುಗಿದಿದೆ ಎಂದು ತಿಳಿದ ಬಳಿಕ ಯಂತ್ರದ ಶಕ್ತಿಯನ್ನು ನೋಡಬೇಕು. ಟರ್ಮಿನಲ್‌ನಲ್ಲಿ ಎಲ್, ಎಸ್, ಸಿ, ಪಿ, ಯು ಎಂಬ ಐದು ಅಕ್ಷರಗಳನ್ನು ಒತ್ತಿ ಎಂಟರ್ ಕೊಟ್ಟರೆ ಪ್ರೊಸೆಸರ್‌ನ ವಿವರ ಬರುತ್ತದೆ. ಅದರಲ್ಲಿ “64 ಬಿಟ್” ಎಂದು ಇದ್ದರೆ ಹೊಸ ಆವೃತ್ತಿಗಳನ್ನು ಅಳವಡಿಸಲು ಆ ದೃಷ್ಟಿಯಿಂದ ಅಡ್ಡಿಯಿಲ್ಲ. ಕೇವಲ “32 ಬಿಟ್” ಇದ್ದರೆ ಆಯ್ಕೆಗಳು ಬಹಳ ಕಡಿಮೆ: ಉಬುಂಟು 20.04 ಮತ್ತು ನಂತರದ ಆವೃತ್ತಿಗಳು ಅಂತಹ ಯಂತ್ರಕ್ಕೆ ಇಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಸಹ ಅಂತಹ ಯಂತ್ರಗಳಿಗೆ ಅಳವಡಿಕೆಯ ಸೌಲಭ್ಯವನ್ನು ನಿಲ್ಲಿಸಿದೆ.

9. ಸಭೆಯ ನಿರ್ಣಯಕ್ಕೆ ಒಂದು ಉದಾಹರಣೆ

ಅರಿವು ಕೇಂದ್ರದ ಮೂರು ಕಂಪ್ಯೂಟರ್‌ಗಳು ಹಳೆಯವಾಗಿವೆ, ಮೂರನ್ನೂ ಬದಲಿಸಬೇಕು ಎಂಬ ಪ್ರಸ್ತಾವನೆ ಸಭೆಗೆ ಬಂದಿದೆ ಎಂದು ಭಾವಿಸೋಣ. ವಹಿಯಲ್ಲಿ ಮೂರರ ಮುಂದೆಯೂ “ಲಿನಕ್ಸ್” ಎಂದಷ್ಟೇ ಇದೆ. ಪರಿಶೀಲಿಸಿದಾಗ ಮೊದಲನೆಯದರಲ್ಲಿ ಉಬುಂಟು 18.04, ಎರಡನೆಯದರಲ್ಲಿ ಲಿನಕ್ಸ್ ಮಿಂಟ್ 21.3, ಮೂರನೆಯದರಲ್ಲಿ ಡೆಬಿಯನ್ 10 ಇರುವುದು ಕಂಡುಬಂದಿದೆ. ಮೊದಲೆರಡು ಯಂತ್ರಗಳ ಪ್ರೊಸೆಸರ್ 64 ಬಿಟ್, ಮೂರನೆಯದು 32 ಬಿಟ್.

ಎರಡನೆಯ ಯಂತ್ರದ ವ್ಯವಸ್ಥೆಗೆ 2027ರವರೆಗೆ ಬೆಂಬಲವಿದೆ. ಬಾಕಿ ಇರುವ ಪರಿಷ್ಕರಣೆಗಳನ್ನು ಹಾಕಿಸಿದರೆ ಸಾಕು. ನಿಧಾನವಾಗಿದೆ ಎಂಬ ದೂರಿದ್ದರೆ ಸ್ಮೃತಿ ಹೆಚ್ಚಿಸುವುದು ಅಥವಾ ಹಳೆಯ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸುವುದು ಪರಿಶೀಲನೆಗೆ ಅರ್ಹ. ಮೊದಲನೆಯ ಯಂತ್ರದ ವ್ಯವಸ್ಥೆಯ ಅವಧಿ ಮುಗಿದಿದೆಯಾದರೂ ಯಂತ್ರ ಮುಗಿದಿಲ್ಲ. ದೀರ್ಘಾವಧಿ ಆವೃತ್ತಿಗಳನ್ನು 20.04, 22.04 ಎಂಬ ಮೆಟ್ಟಿಲುಗಳ ಮೂಲಕ ಏರಿಸುತ್ತ ಹೋಗಬಹುದು, ಅಥವಾ ಕಡತಗಳನ್ನು ಬೇರೆಡೆ ಪ್ರತಿ ಮಾಡಿಟ್ಟು ಹೊಸದಾಗಿಯೇ ಅಳವಡಿಸಬಹುದು. ಮೂರನೆಯ ಯಂತ್ರದ ವಿಷಯದಲ್ಲಿ ಮಾತ್ರ ಬದಲಾವಣೆಯ ಪ್ರಸ್ತಾವನೆಗೆ ಆಧಾರವಿದೆ. ಮೂರು ಯಂತ್ರಗಳ ಖರೀದಿಯಾಗಬೇಕಿದ್ದುದು ಒಂದು ಯಂತ್ರದ ಖರೀದಿಯಾಗಿ, ಉಳಿದ ಮೊತ್ತ ಪುಸ್ತಕಗಳಿಗೋ ಕುರ್ಚಿಗಳಿಗೋ ದೊರೆಯುತ್ತದೆ.

10. ಬಿಲ್ಲು ಪಾವತಿಗೆ ಮೊದಲು ಮತ್ತು ವಹಿಯಲ್ಲಿ

ಪರಿಷ್ಕರಣೆ ಮಾಡಿಸುವ ಮುನ್ನ ಯಂತ್ರದ ಕಡತಗಳ ಪ್ರತಿಯನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ತೆಗೆದುಕೊಂಡು, ಆ ಪ್ರತಿ ತೆರೆಯುತ್ತದೆಯೇ ಎಂದು ನೋಡಿಕೊಳ್ಳಬೇಕು. ಕೆಲಸ ಮುಗಿದ ಬಳಿಕ ಬಿಲ್ಲಿಗೆ ಸಹಿ ಹಾಕುವ ಮುನ್ನ ಐದನೆಯ ಕ್ರಮವನ್ನು ಪುನಃ ಅನುಸರಿಸಿ, ಬಿಲ್ಲಿನಲ್ಲಿ ಬರೆದಿರುವ ಆವೃತ್ತಿಯೇ ಯಂತ್ರದಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಟೋಕನ್ ಕೆಲಸ ಮಾಡುತ್ತಿವೆಯೇ, ಕಗಪ ಅಥವಾ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಯೂನಿಕೋಡ್ ಕನ್ನಡ ಬೆರಳಚ್ಚು ಸಾಧ್ಯವೇ ಎಂಬುದನ್ನೂ ಅಲ್ಲಿಯೇ ಪರೀಕ್ಷಿಸಬೇಕು. ವಿಲೇವಾರಿಗೆ ಹೋಗುವ ಯಂತ್ರದ ಡಿಸ್ಕನ್ನು ಪೂರ್ಣವಾಗಿ ಅಳಿಸಿದ ನಂತರವೇ ಹೊರಗೆ ಕಳುಹಿಸಬೇಕು.

ದಾಸ್ತಾನು ವಹಿಯಲ್ಲಿ ಪ್ರತಿ ಕಂಪ್ಯೂಟರಿನ ಮುಂದೆ ಈ ಐದು ಅಂಶಗಳಿದ್ದರೆ ಮುಂದಿನ ಸಭೆಗೆ ಅಗತ್ಯವಾದ ಮಾಹಿತಿ ಸಿದ್ಧವಾಗಿರುತ್ತದೆ:

ಅ) ವಿತರಣೆಯ ಪೂರ್ಣ ಹೆಸರು ಮತ್ತು ಆವೃತ್ತಿ
ಆ) ಆ ಆವೃತ್ತಿಯ ಬೆಂಬಲ ಮುಗಿಯುವ ವರ್ಷ ಮತ್ತು ತಿಂಗಳು
ಇ) ಪ್ರೊಸೆಸರ್ 32 ಬಿಟ್ ಅಥವಾ 64 ಬಿಟ್, ಸ್ಮೃತಿಯ ಗಾತ್ರ
ಈ) ಜೋಡಿಸಿರುವ ಪ್ರಿಂಟರ್, ಸ್ಕ್ಯಾನರ್, ಟೋಕನ್‌ಗಳ ಮಾದರಿ
ಉ) ಪರಿಶೀಲಿಸಿದ ದಿನಾಂಕ ಮತ್ತು ಪರಿಶೀಲಿಸಿದವರ ಸಹಿ

ಈ ನಮೂದನ್ನು ವರ್ಷಕ್ಕೊಮ್ಮೆ, ಆಯವ್ಯಯ ಸಿದ್ಧಪಡಿಸುವ ಮೊದಲು ನವೀಕರಿಸುವುದು ಒಳಿತು. ಯಾವ ಯಂತ್ರದ ಅವಧಿ ಬರುವ ವರ್ಷ ಮುಗಿಯುತ್ತದೆ ಎಂಬುದು ಮೊದಲೇ ತಿಳಿದಿದ್ದರೆ ಅದಕ್ಕೆ ಬೇಕಾದ ಮೊತ್ತವನ್ನು ಆಯವ್ಯಯದಲ್ಲಿಯೇ ಕಾದಿರಿಸಬಹುದು. ಯಂತ್ರ ನಿಂತ ದಿನ ತುರ್ತಿನ ಹೆಸರಿನಲ್ಲಿ ಒಂದೇ ದರಪಟ್ಟಿಯನ್ನು ಒಪ್ಪಿಕೊಳ್ಳುವ ಸಂದರ್ಭವೂ ತಪ್ಪುತ್ತದೆ.